ಕೆಆರ್‌ಎಸ್ ನೀರು ಬಾರದ ಊರಿನಿಂದ ವಿಶ್ವೇಶ್ವರಯ್ಯ

ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ. ಈ ನಾಲ್ಕು ತಾಲ್ಲೂಕುಗಳ ಹೊಲಕ್ಕೆ ಕನ್ನಂಬಾಡಿ ಕಟ್ಟೆಯ ಒಂದು ಹನಿ ನೀರೂ ಬಂದಿಲ್ಲ. ಜಯಮಂಗಲಿ ಹರಿದರೆ ಹರೀತು, ಇಲ್ಲದಿದ್ರೆ ಕೊಳವೆಬಾವಿಯೇ ಗತಿ. ಆದರೂ ಸೆಪ್ಟೆಂಬರ್ 15 ಬಂತು ಅಂದ್ರೆ ಇಲ್ಲೂ ಮೈಸೂರು ಪೇಟದ ಅದೇ ಫೋಟೊಗೆ ಹಾರ ಬೀಳುತ್ತೆ. ಎಂಜಿನಿಯರಿಂಗ್ ಓದಿದ ನಮ್ಮಂಥವರಿಗೆ ಸರ್ ಎಂ. ವಿಶ್ವೇಶ್ವರಯ್ಯ ಅಂದ್ರೆ ಅಣೆಕಟ್ಟು. ಕಾಲೇಜಿನ ನಾಲ್ಕು ವರ್ಷ ಅವರ ಬಗ್ಗೆ ಕೇಳಿದ ಭಾಷಣಗಳಲ್ಲಿ ಗೇಟು, ನಾಲೆ, ಶಿಸ್ತು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.

ಅವರು ಕಟ್ಟಿದ್ದರಲ್ಲಿ ನಮ್ಮ ಬಯಲುಸೀಮೆಗೂ ತಲುಪಿದ್ದು ಒಂದಿದೆ. ಅದು ಕಚೇರಿ. ಕಂದಾಯ ಎತ್ತಿ ಪೊಲೀಸ್ ಇಟ್ಟುಕೊಂಡರೆ ಸರ್ಕಾರದ ಕೆಲಸ ಮುಗೀತು ಅಂದುಕೊಂಡಿದ್ದ ಕಾಲದಲ್ಲಿ ವ್ಯಾಪಾರಕ್ಕೆ, ಕೈಗಾರಿಕೆಗೆ, ಸಾಲಕ್ಕೆ, ವಿಜ್ಞಾನಕ್ಕೆ ಒಂದೊಂದು ಕಚೇರಿ ತೆರೆದ ಮನುಷ್ಯ ಅವರು. ಇವತ್ತು ಕೊರಟಗೆರೆಗೆ ಹತ್ತಿರದ ವಸಂತನರಸಾಪುರದಲ್ಲಿ ಕೆಐಎಡಿಬಿ ಸೈಟು ಹಂಚುತ್ತಿದ್ದರೆ ಅದರ ವಂಶಾವಳಿ ಹೋಗಿ ನಿಲ್ಲೋದು ಅಲ್ಲಿಗೇ.

1860ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟು. ಪಾವಗಡದ ಎಷ್ಟೋ ಮನೆಗಳ ಹಾಗೆ ಮನೆಮಾತು ತೆಲುಗು. ಹದಿಹರೆಯದಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜು, ಆಮೇಲೆ ಪುಣೆಯಲ್ಲಿ ಎಂಜಿನಿಯರಿಂಗ್, ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ. ಖಡಕ್‌ವಾಸ್ಲಾದ ಸ್ವಯಂಚಾಲಿತ ಗೇಟಿನ ಕತೆ ಎಲ್ಲರಿಗೂ ಗೊತ್ತು, ಬಿಡಿ. ನನಗೆ ಮುಖ್ಯ ಅನಿಸೋದು 1908. ಎಷ್ಟು ಜಾಣನಾದರೂ ಚೀಫ್ ಎಂಜಿನಿಯರ್ ಕುರ್ಚಿ ಭಾರತೀಯನಿಗೆ ಸಿಗುವ ಆಸೆ ಆಗ ಇರಲಿಲ್ಲ. ಅವಧಿಗೆ ಮುಂಚೆಯೇ ಅವರು ಆ ನೌಕರಿ ಬಿಟ್ಟರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಮೈಸೂರು ಸಂಸ್ಥಾನ ಅವರನ್ನು ಕರೆದು 1909ರಲ್ಲಿ ಚೀಫ್ ಎಂಜಿನಿಯರ್ ಮಾಡಿತು. ಬಂದವರು ಬರೀ ಕಟ್ಟೆ ನೋಡಿಕೊಂಡು ಕೂರಲಿಲ್ಲ. 1911ರಲ್ಲಿ ಸಂಪದಭ್ಯುದಯ ಸಮಾಜ ಶುರುವಾಯಿತು. ಅಧಿಕಾರಿಗಳು, ವರ್ತಕರು, ಜಮೀನ್ದಾರರು, ಓದಿಕೊಂಡವರು ಒಂದೇ ಕಡೆ ಕೂತು ಸಂಸ್ಥಾನದ ಬಡತನಕ್ಕೆ ಲೆಕ್ಕ ಹಾಕುವ ಸಭೆ ಅದು. ಕೃಷಿಗೆ ಒಂದು ಸಮಿತಿ, ಶಿಕ್ಷಣಕ್ಕೆ ಒಂದು, ಕೈಗಾರಿಕೆ-ವಾಣಿಜ್ಯಕ್ಕೆ ಇನ್ನೊಂದು. ಜಿಲ್ಲೆಗೂ ಸಮಿತಿ, ತಾಲ್ಲೂಕಿಗೂ ಸಮಿತಿ. ಯಾವ ಊರಲ್ಲಿ ಏನು ಬೆಳೆಯುತ್ತೆ, ಯಾವ ಕಸುಬಿದೆ, ಯಾವುದು ಸಾಯ್ತಿದೆ ಅಂತ ಕೆಳಗಿನಿಂದ ಮಾಹಿತಿ ಮೇಲಕ್ಕೆ ಹೋಗಬೇಕು ಅನ್ನುವ ಲೆಕ್ಕಾಚಾರ. ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ ಹುಟ್ಟಿದ್ದೂ ಇದೇ ಸಮಾಜದ ಮಡಿಲಲ್ಲಿ. ಎಂಜಿನಿಯರ್ ಒಬ್ಬ ಭಾಷೆಯನ್ನೂ ಸಂಪತ್ತಿನ ಲೆಕ್ಕಕ್ಕೇ ಸೇರಿಸಿದ್ದು ನನಗೆ ಇವತ್ತಿಗೂ ಸೋಜಿಗ.

1912ರಲ್ಲಿ ದಿವಾನರಾದರು. ಆಮೇಲಿನ ಆರು ವರ್ಷದ ವೇಗ ನೋಡಿದ್ರೆ ತಲೆ ತಿರುಗುತ್ತೆ. 1913ರಲ್ಲಿ ಮೈಸೂರು ಬ್ಯಾಂಕ್, ಅದೇ ವರ್ಷ ಪ್ರಾಥಮಿಕ ಶಿಕ್ಷಣದ ಕಾನೂನು. 1916ರಲ್ಲಿ ವಿಶ್ವವಿದ್ಯಾಲಯ, ವಾಣಿಜ್ಯ ಮಂಡಳಿ. ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯನ್ನು ನಡೆಸೋಕೆ ಮದ್ರಾಸಿನಿಂದ ಆಲ್ಫ್ರೆಡ್ ಚಾಟರ್ಟನ್ ಬಂದಿದ್ದರು. ಅಲ್ಲಿ ಸರ್ಕಾರವೇ ಕೈಗಾರಿಕೆಗೆ ಕೈಹಾಕಬಾರದು ಅಂತ ಲಂಡನ್ನಿನಿಂದ ಅಡ್ಡಗಾಲು ಬಿದ್ದಿತ್ತು. ಅಲ್ಲಿ ಬೇಡವಾದದ್ದನ್ನೇ ಮೈಸೂರು ಮಾಡಿ ತೋರಿಸಿತು.

ಶ್ರೀಗಂಧದ ಪ್ರಸಂಗವನ್ನೇ ನೋಡಿ. ನಮ್ಮ ಕಾಡಿನ ಗಂಧದ ಮರ ಹರಾಜಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಯುದ್ಧ ಬಂತು, ಕೊಳ್ಳುವವರಿಲ್ಲದೆ ಮರ ಡಿಪೋಗಳಲ್ಲೇ ಉಳಿಯಿತು. ಆಗ ಟಾಟಾ ಇನ್‌ಸ್ಟಿಟ್ಯೂಟಿನ ರಸಾಯನಶಾಸ್ತ್ರಜ್ಞರು ಎಣ್ಣೆ ಇಳಿಸುವ ವಿಧಾನ ಹುಡುಕಿದರು, ಇಲಾಖೆ ಅದನ್ನು ಕಾರ್ಖಾನೆಗೆ ತಂದಿತು, ಸಂಸ್ಥಾನ ದುಡ್ಡು ಹಾಕಿತು. 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆ ಬಂತು, 1918ರ ಹೊತ್ತಿಗೆ ಸೋಪು. ಪ್ರಯೋಗಾಲಯ, ಇಲಾಖೆ, ಖಜಾನೆ ಮೂರೂ ಹೀಗೆ ಹೊಂದಿಕೊಂಡು ದುಡಿದ ಉದಾಹರಣೆ ಈಗಿನ ಸ್ಟಾರ್ಟಪ್ ಸಮಾವೇಶಗಳಲ್ಲೂ ಸುಲಭವಾಗಿ ಸಿಗಲ್ಲ.

ಆದರೆ ಈ ಎಲ್ಲ ಕಚೇರಿಗಳ ಕುರ್ಚಿಯಲ್ಲಿ ಕೂತವರು ಯಾರು? ಸೆಪ್ಟೆಂಬರ್ 15ರ ಭಾಷಣಗಳು ಇಲ್ಲಿಗೆ ಬಂದು ನಿಂತುಬಿಡುತ್ತವೆ. ಜನಸಂಖ್ಯೆಯಲ್ಲಿ ಶೇ 4ಕ್ಕೂ ಕಡಿಮೆ ಇದ್ದ ಬ್ರಾಹ್ಮಣರ ಕೈಯಲ್ಲಿ ದೊಡ್ಡ ಹುದ್ದೆಗಳ ಬಹುಪಾಲು ಇತ್ತು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿ ಇದನ್ನು ಕೇಳಿತು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯ ಒಪ್ಪಲಿಲ್ಲ. ಶಾಲೆ ಹೆಚ್ಚಿಸೋಣ, ವಿದ್ಯಾರ್ಥಿವೇತನ ಕೊಡೋಣ, ಹುದ್ದೆಗೆ ಮಾತ್ರ ಅರ್ಹತೆಯೇ ಅಳತೆಗೋಲು ಅನ್ನೋದು ಅವರ ನಿಲುವು. ಅದೇ ವರ್ಷದ ಕೊನೆಗೆ ದಿವಾನಗಿರಿ ಬಿಟ್ಟರು. ಶಾಲೆ, ವಿದ್ಯಾರ್ಥಿವೇತನ ಅವರು ನಿಜಕ್ಕೂ ಮಾಡಿದ್ದರು, ಅದು ಬಾಯಿಮಾತಲ್ಲ. ಆದರೆ ಚರ್ಮದ ಬಣ್ಣ ನೋಡಿ ಕುರ್ಚಿ ಕೊಡುವ ಪದ್ಧತಿಯನ್ನು ಹತ್ತು ವರ್ಷದ ಹಿಂದೆ ಸ್ವತಃ ಅನುಭವಿಸಿದವರಿಗೆ, ತಮ್ಮದೇ ಕಚೇರಿಗಳ ಬಾಗಿಲಾಚೆ ನಿಂತವರು ಕಾಣಲಿಲ್ಲ. ಅವರ ಬಗ್ಗೆ ನನ್ನ ಜಗಳ ಇಷ್ಟೇ.

ಮಿಲ್ಲರ್ ಸಮಿತಿ ಮರುವರ್ಷ ವರದಿ ಕೊಟ್ಟಿತು: ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಭಾಗ ಹಿಂದುಳಿದವರಿಗೆ.

ಇದು ಹಳೇ ಕತೆ ಅನಿಸಿದ್ರೆ ಒಮ್ಮೆ ಪಾವಗಡಕ್ಕೆ ಬನ್ನಿ. ತಿರುಮಣಿ ಸುತ್ತಮುತ್ತ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಕಟ್ಟಿದ್ದು ಕೇಂದ್ರ, ರಾಜ್ಯ ಸಂಸ್ಥೆಗಳೆರಡರ ಪಾಲಿರುವ ಸರ್ಕಾರಿ ಕಂಪನಿ. ಜಮೀನು ಕಸಿದುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ ಗುತ್ತಿಗೆ ಹಣ ಕೊಟ್ಟಿದ್ದು ಒಳ್ಳೆಯ ಯೋಜನೆಯೇ. ಜಮೀನಿದ್ದವರಿಗೆ ಬಾಡಿಗೆ ಬಂತು. ಅದೇ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಶೇಂಗಾ ಬಿಡಿಸುತ್ತಿದ್ದ ಭೂಮಿಯಿಲ್ಲದ ಕೂಲಿಯವರಿಗೆ ಬಾಡಿಗೆಯೂ ಇಲ್ಲ, ಕೂಲಿಯೂ ಹೋಯ್ತು. ಅವರಲ್ಲಿ ದಲಿತರೇ ಹೆಚ್ಚು.

ದಿವಾನಗಿರಿ ಬಿಟ್ಟ ಮೇಲೂ ವಿಶ್ವೇಶ್ವರಯ್ಯ ಸುಮ್ಮನಿರಲಿಲ್ಲ. 1923ರಿಂದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನಷ್ಟದಿಂದ ಮೇಲೆತ್ತಲು ಹೆಣಗಿದರು. ಅದಕ್ಕೆ ಬರಬೇಕಿದ್ದ ಸಂಭಾವನೆಯನ್ನು ಯುವಕರಿಗೆ ಕಸುಬು ಕಲಿಸುವ ಸಂಸ್ಥೆಗೆ ಕೊಟ್ಟರು. ಇವತ್ತಿನ ಬೆಂಗಳೂರಿನ ಎಸ್‌ಜೆಪಿ ಅದೇ. 1934ರಲ್ಲಿ, ಯೋಜನಾ ಆಯೋಗ ಹುಟ್ಟೋಕೆ ಹದಿನಾರು ವರ್ಷ ಮುಂಚೆ, ಇಡೀ ದೇಶಕ್ಕೆ ಆರ್ಥಿಕ ಯೋಜನೆ ಬೇಕು ಅಂತ ಪುಸ್ತಕ ಬರೆದರು. 1955ರಲ್ಲಿ ಭಾರತರತ್ನ.

1962ರ ಏಪ್ರಿಲ್‌ನಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಅದೇ ಜುಲೈನಲ್ಲಿ ಮೈಸೂರು ರಾಜ್ಯ ಸರ್ಕಾರ ಎಂಜಿನಿಯರಿಂಗ್, ಮೆಡಿಕಲ್ ಸೀಟುಗಳಲ್ಲಿ ಶೇ 68ರಷ್ಟನ್ನು ಮೀಸಲಿಟ್ಟು ಆದೇಶ ಹೊರಡಿಸಿತು. ಸೆಪ್ಟೆಂಬರ್ 28ಕ್ಕೆ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, ಮೀಸಲಾತಿ ಸಾಮಾನ್ಯವಾಗಿ ಶೇ 50ರ ಒಳಗಿರಬೇಕು ಅಂದಿತು. ಸಿಇಟಿ ಸೀಟಿಗೆ ಕಾದು ಕೂತ ಕೊರಟಗೆರೆಯ ಹುಡುಗ ಹುಡುಗಿಯರು ಇವತ್ತಿಗೂ ವಾದ ಮಾಡೋದು ಆ ಐವತ್ತರ ಸುತ್ತಲೇ.