ರೂಸ್‌ವೆಲ್ಟ್‌ಗೆ ಸ್ಟ್ರೋಕ್ ಹೇಳದೆ ಕೇಳದೆ ಬಂತೇ? ಬಿಪಿ ಲೆಕ್ಕ ಹೇಳುವುದೇ ಬೇರೆ

ಲಕ್ವ ಸಿಡಿಲಿನ ಹಾಗೆ, ಯಾರಿಗೆ ಯಾವಾಗ ಬಡಿಯುತ್ತದೋ ಗೊತ್ತಾಗುವುದಿಲ್ಲ ಎಂದು ಅನೇಕರು ನಂಬಿದ್ದಾರೆ. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ಡಿ. ರೂಸ್‌ವೆಲ್ಟ್ 1945ರಲ್ಲಿ ಸ್ಟ್ರೋಕ್‌ನಿಂದ ತೀರಿಕೊಂಡಾಗ ಅವರ ಅಧಿಕೃತ ವೈದ್ಯರು ಜಗತ್ತಿಗೆ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಆದರೆ ಅವರ ಬಿಪಿ ಅಂಕಿಗಳು ಬೇರೆಯದೇ ಕಥೆ ಹೇಳುತ್ತವೆ.

ಕಾಲಿನ ಬಲ ಹೋಗಿದ್ದು ಸ್ಟ್ರೋಕ್‌ನಿಂದಲ್ಲ

ರೂಸ್‌ವೆಲ್ಟ್ ಹುಟ್ಟಿದ್ದು 1882ರ ಜನವರಿ 30ರಂದು, ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್‌ನಲ್ಲಿ. 1921ರಲ್ಲಿ, 39ನೇ ವಯಸ್ಸಿನಲ್ಲಿ ಕಾಯಿಲೆ ಬಿದ್ದು ಎರಡೂ ಕಾಲುಗಳ ಬಲ ಕಳೆದುಕೊಂಡರು. ಆಗ ವೈದ್ಯರು ಗುರುತಿಸಿದ್ದು ಪೋಲಿಯೊ. ಲಕ್ವ ಹೊಡೆದ ಅಧ್ಯಕ್ಷ ಎಂದು ಅವರ ಗಾಲಿಕುರ್ಚಿ ಫೋಟೊ ತೋರಿಸುವವರು ಎರಡು ಕಾಯಿಲೆಗಳನ್ನು ಬೆರೆಸುತ್ತಾರೆ. ಪೋಲಿಯೊ ವೈರಸ್ ಬೆನ್ನುಹುರಿಯ ನರಕೋಶಗಳನ್ನು ಹಾಳುಮಾಡುತ್ತದೆ. ಸ್ಟ್ರೋಕ್‌ನಲ್ಲಿ ಮೆದುಳಿನ ರಕ್ತನಾಳ ಕಟ್ಟಿಕೊಳ್ಳುತ್ತದೆ ಅಥವಾ ಒಡೆಯುತ್ತದೆ. ಐಸಿಡಿ-10 ಕೋಡ್‌ಗಳಲ್ಲೂ ಪೋಲಿಯೊ ಇರುವುದು ಸೋಂಕು ರೋಗಗಳ ಅಧ್ಯಾಯದಲ್ಲಿ, ಸ್ಟ್ರೋಕ್ ಇರುವುದು ರಕ್ತಪರಿಚಲನೆಯ ಅಧ್ಯಾಯದಲ್ಲಿ.

ಕಾಲು ಸೋತರೂ ಅವರು ಸೋಲಲಿಲ್ಲ. ನ್ಯೂಯಾರ್ಕ್ ಗವರ್ನರ್ ಆದರು. 1932, 1936, 1940 ಮತ್ತು 1944, ಹೀಗೆ ನಾಲ್ಕು ಸಲ ಅಧ್ಯಕ್ಷ ಚುನಾವಣೆ ಗೆದ್ದರು. ಬೇರೆ ಯಾವ ಅಮೆರಿಕ ಅಧ್ಯಕ್ಷರೂ ನಾಲ್ಕು ಸಲ ಗೆದ್ದಿಲ್ಲ.

ಏರುತ್ತಲೇ ಹೋದ ಬಿಪಿ

1937ರಲ್ಲಿ ಅವರ ಬಿಪಿ 162/98 ಇತ್ತು. 1941ರ ಹೊತ್ತಿಗೆ 188/105. ಅವರ ವೈದ್ಯ ರಾಸ್ ಮ್ಯಾಕಿಂಟೈರ್ ಕಿವಿ, ಮೂಗು, ಗಂಟಲು ತಜ್ಞ. ಏರು ಬಿಪಿ ವಯಸ್ಸಿಗೆ ಸಹಜ ಎಂದು ಆ ಕಾಲದ ಎಷ್ಟೋ ವೈದ್ಯರು ನಂಬಿದ್ದರು.

1944ರ ಮಾರ್ಚ್‌ನಲ್ಲಿ ಹೋವರ್ಡ್ ಬ್ರೂಯೆನ್ ಎಂಬ ಯುವ ಹೃದ್ರೋಗ ತಜ್ಞ ರೂಸ್‌ವೆಲ್ಟ್ ಅವರನ್ನು ಪರೀಕ್ಷಿಸಿದರು. ಬಿಪಿ 186/108, ಹೃದಯ ದೊಡ್ಡದಾಗಿದೆ, ಹಾರ್ಟ್ ಫೇಲ್ಯೂರ್ ಶುರುವಾಗಿದೆ. ಇದೆಲ್ಲ ಕಡತಕ್ಕೆ ಹೋಯಿತು, ಆದರೆ ಜನರಿಗೆ ಹೇಳಿದ್ದು ವಯಸ್ಸಿಗೆ ತಕ್ಕಂತೆ ಆರೋಗ್ಯವಾಗಿದ್ದಾರೆ ಎಂದು. ಬಿಪಿ ಇಳಿಸುವ ಒಳ್ಳೆಯ ಮಾತ್ರೆ ಆಗ ಇರಲಿಲ್ಲ. ಹೃದಯಕ್ಕೆ ಡಿಜಿಟಾಲಿಸ್ ಕೊಟ್ಟು, ಉಪ್ಪು ಮತ್ತು ಸಿಗರೇಟು ಕಡಿಮೆ ಮಾಡಿಸಿ, ವಿಶ್ರಾಂತಿ ಹೇಳಿದರು. ಯುದ್ಧದ ನಡುವೆ ವಿಶ್ರಾಂತಿ ಎಲ್ಲಿಂದ ಬರಬೇಕು? ಅದೇ ವರ್ಷ ಬಿಪಿ 200 ದಾಟಿತು.

1945ರ ಏಪ್ರಿಲ್ 12ರ ಮಧ್ಯಾಹ್ನ ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಚಿತ್ರಕಾರ್ತಿಯೊಬ್ಬರು ಅವರ ಚಿತ್ರ ಬರೆಯುತ್ತಿದ್ದರು. ತಲೆಯ ಹಿಂಭಾಗದಲ್ಲಿ ವಿಪರೀತ ನೋವು ಎಂದವರೇ ಕುಸಿದರು. ಬ್ರೂಯೆನ್ ಬಂದು ನೋಡಿದಾಗ ಬಿಪಿ 300/190ಕ್ಕೂ ಮೇಲಿತ್ತು. 3 ಗಂಟೆ 35 ನಿಮಿಷಕ್ಕೆ ಪ್ರಾಣ ಹೋಯಿತು. ಆಗ ಅವರಿಗೆ 63 ವರ್ಷ. ಶವಪರೀಕ್ಷೆ ನಡೆಯಲಿಲ್ಲ. ಸಾವಿನ ಕಾರಣ ಮೆದುಳಿನ ರಕ್ತಸ್ರಾವ ಎಂದು ದಾಖಲಾಯಿತು.

ಕಡತ ಎಲ್ಲಿ ಹೋಯಿತು?

ರೂಸ್‌ವೆಲ್ಟ್ ಅವರ ಆಸ್ಪತ್ರೆ ಕಡತ ಆಮೇಲೆ ಸಿಗಲೇ ಇಲ್ಲ. ಹಾಗಾಗಿ ಈ ಸಾವು ಅನಿರೀಕ್ಷಿತ ಎಂಬ ಮಾತೇ ವರ್ಷಗಟ್ಟಲೆ ಉಳಿಯಿತು. ಬ್ರೂಯೆನ್ 1970ರಲ್ಲಿ ತಮ್ಮ ಬಳಿಯಿದ್ದ ಟಿಪ್ಪಣಿಗಳ ಆಧಾರದ ಮೇಲೆ ವೈದ್ಯಕೀಯ ಪತ್ರಿಕೆಯಲ್ಲಿ ಲೇಖನ ಬರೆದ ಮೇಲೆ ಬಿಪಿ ಅಂಕಿಗಳು ಬೆಳಕಿಗೆ ಬಂದವು.

ಸಾವಿನ ಕಾರಣವನ್ನು ಜಗತ್ತಿನಾದ್ಯಂತ ಒಂದೇ ರೀತಿ ಬರೆಯುವ ನಮೂನೆ ಬಂದದ್ದು 1948ರಲ್ಲಿ. ಕೊನೆಗೆ ಏನಾಯಿತು, ಅದಕ್ಕೆ ಏನು ಕಾರಣ, ಅದಕ್ಕೂ ಮೂಲ ಏನು ಎಂದು ಸಾಲುಸಾಲಾಗಿ ಬರೆಯಬೇಕು. ಐಸಿಡಿ-10ರಲ್ಲಿ ಮೆದುಳಿನೊಳಗಿನ ರಕ್ತಸ್ರಾವಕ್ಕೆ ಐ61, ರಕ್ತ ಕಟ್ಟಿ ಬರುವ ಸ್ಟ್ರೋಕ್‌ಗೆ ಐ63, ಯಾವ ಬಗೆ ಎಂದೇ ಬರೆಯದಿದ್ದರೆ ಐ64. ಕೋಡ್ ಹಾಕುವವರು ಊಹಿಸುವಂತಿಲ್ಲ, ವೈದ್ಯರು ಬರೆದದ್ದಕ್ಕಷ್ಟೇ ಕೋಡ್. ಹೃದಯ ನಿಂತು ಸಾವು ಎಂದಷ್ಟೇ ಬರೆದರೆ ಸ್ಟ್ರೋಕೂ ಬಿಪಿಯೂ ಲೆಕ್ಕದಿಂದ ಮಾಯ. ಲೆಕ್ಕಕ್ಕೆ ಸಿಗದ ಕಾಯಿಲೆಗೆ ಸರ್ಕಾರದ ಹಣವೂ ಸಿಗುವುದು ಕಷ್ಟ.

ಅದೇ 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 5,209 ಜನರ ಆರೋಗ್ಯ ದಾಖಲಿಸುವ ಅಧ್ಯಯನ ಶುರುವಾಯಿತು. ಏರು ಬಿಪಿ ವಯಸ್ಸಿನ ಸಹಜ ಗುಣವಲ್ಲ, ಹೃದ್ರೋಗಕ್ಕೂ ಸ್ಟ್ರೋಕ್‌ಗೂ ದೊಡ್ಡ ಕಾರಣ ಎಂಬುದನ್ನು ಗಟ್ಟಿಯಾಗಿ ತೋರಿಸಿದ ಅಧ್ಯಯನಗಳಲ್ಲಿ ಇದು ಮುಖ್ಯವಾದದ್ದು.

ನಾವು ತಿಳಿಯಬೇಕಾದದ್ದು

- ಸ್ಟ್ರೋಕ್ ದಿಢೀರ್ ಬರುವುದು ನಿಜ. ಆದರೆ ಅದಕ್ಕೆ ದಾರಿ ಮಾಡುವ ಬಿಪಿ ಎಷ್ಟೋ ವರ್ಷ ಮೊದಲೇ ಏರಿರಬಹುದು, ಯಾವ ತೊಂದರೆಯನ್ನೂ ತೋರಿಸದೆ. ಅಳತೆ ಮಾಡಿಸದೆ ತಿಳಿಯುವುದಿಲ್ಲ. ರೂಸ್‌ವೆಲ್ಟ್‌ಗೆ ಸಿಗದ ಮಾತ್ರೆ ಇಂದು ಊರಿನ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ವೈದ್ಯರು ಹೇಳದೆ ಅದನ್ನು ನಿಲ್ಲಿಸಬೇಡಿ.
- ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ, ಹಿಂದೆಂದೂ ಇಲ್ಲದಂಥ ತಲೆನೋವು ಬಂದರೆ ತಕ್ಷಣ 108ಕ್ಕೆ ಕರೆ ಮಾಡಿ. ಬೆರಳ ತುದಿಗೆ ಸೂಜಿ ಚುಚ್ಚಿದರೆ ಲಕ್ವ ನಿಲ್ಲುತ್ತದೆ ಎಂಬ ಫಾರ್ವರ್ಡ್ ಸುಳ್ಳು, ಅದರಿಂದ ಸಮಯ ಹಾಳು.
- ತೊಂದರೆ ಶುರುವಾದ ಗಂಟೆಯನ್ನು ಬರೆದಿಟ್ಟು ವೈದ್ಯರಿಗೆ ಹೇಳಿ. ರಕ್ತದ ಗಡ್ಡೆ ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ, ರಕ್ತಸ್ರಾವ ಇಲ್ಲವೆಂದು ಸ್ಕ್ಯಾನ್‌ನಲ್ಲಿ ನೋಡಿಕೊಂಡ ಮೇಲೆ ಕೊಡುತ್ತಾರೆ.
- ಡಿಸ್ಚಾರ್ಜ್ ಸಮ್ಮರಿಯಲ್ಲಿ ಯಾವ ಬಗೆಯ ಸ್ಟ್ರೋಕ್, ಯಾವ ಭಾಗ, ಬಿಪಿ ಎಷ್ಟಿತ್ತು ಎಂದು ಬರೆದಿದೆಯೇ ನೋಡಿ. ಆ ಕಾಗದ ಜೋಪಾನವಾಗಿಡಿ.

ಮನೆಯ ಹಿರಿಯರ ಬಿಪಿ ಕೊನೆಯ ಸಲ ನೋಡಿಸಿದ್ದು ಯಾವಾಗ? ನೆನಪಿಲ್ಲದಿದ್ದರೆ ಈ ವಾರವೇ ನೋಡಿಸಿ, ಅಂಕಿಯನ್ನು ತಾರೀಖಿನ ಜೊತೆ ಬರೆದಿಡಿ.