ಪ್ರಭು ಯೇಸುವಿನ ಅಜ್ಜಿ ಅನ್ನಮ್ಮ

ವೀರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯಕ್ಕೆ ಬಲಿಪೂಜೆಗೆಂದು ಹೋಗುವ ನೀವು, ಈ ತಾಯಿ ಪ್ರಭು ಯೇಸುವಿನ ಅಜ್ಜಿ ಎಂದು ಎಂದಾದರೂ ನೆನೆದದ್ದುಂಟೇ? ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ದೊಡ್ಡ ವೀರರಾಜೇಂದ್ರ ಅರಸರು ಆಶ್ರಯ ಕೊಟ್ಟು, 1792ರಲ್ಲಿ ಈ ದೇವಾಲಯ ಎದ್ದಿತು. ಮನೆಮಾರು ಕಳೆದುಕೊಂಡವರಿಗೆ ಅಜ್ಜಿಯ ಮಡಿಲೇ ಸಿಕ್ಕಂತಾಯಿತು.

ಶುಭಸಂದೇಶಗಳಲ್ಲಿ ಅನ್ನಮ್ಮನವರ ಹೆಸರಿಲ್ಲ. ಯಕೋಬರ ಹೆಸರಿನಲ್ಲಿರುವ ಎರಡನೆಯ ಶತಮಾನದ ಬರಹವೊಂದು ಅವರ ಬದುಕನ್ನು ಹೇಳುತ್ತದೆ. ಧರ್ಮಸಭೆ ಅದನ್ನು ಬೈಬಲಿಗೆ ಸೇರಿಸಲಿಲ್ಲ, ಕಥೆಯನ್ನು ಮರೆಯಲೂ ಇಲ್ಲ. ಮಕ್ಕಳಿಲ್ಲವೆಂದು ಪತಿ ಜೋಕಿಮರ ಕಾಣಿಕೆಗೆ ಅಡ್ಡಿ ಬಂತಂತೆ. ನೊಂದ ಅವರು ಬೆಂಗಾಡು ಸೇರಿ ನಲವತ್ತು ದಿನ ಉಪವಾಸ ಕುಳಿತರು. ಇತ್ತ ಅನ್ನಮ್ಮನವರು ತೋಟದ ಮರದಲ್ಲಿ ಗುಬ್ಬಚ್ಚಿಗೂಡು ಕಂಡು ಅತ್ತರು. ಹಕ್ಕಿಗೂ ಮರಿಗಳುಂಟು, ತನಗಿಲ್ಲ! ಬಂಜೆ ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಸತ್ತಿಲ್ಲ, ನೋಡಿ.

ದೇವದೂತನ ಮಾತಿನಂತೆ ಮರಿಯಮ್ಮ ಹುಟ್ಟಿದರು. ಮಗುವನ್ನು ದೇವರಿಗೆ ಒಪ್ಪಿಸುವ ಹರಕೆಯಿತ್ತು. ಎರಡು ತುಂಬಿದಾಗ ಕರೆದೊಯ್ಯೋಣವೆಂದರು ಜೋಕಿಮರು. ಅಪ್ಪ ಅಮ್ಮನನ್ನು ಹುಡುಕಿ ಕೂಸು ಅತ್ತೀತೆಂದು ಅನ್ನಮ್ಮನವರು ಇನ್ನೊಂದು ವರ್ಷ ತಡೆದರು. ಮೂರಕ್ಕೆ ಒಪ್ಪಿಸಿಯೇಬಿಟ್ಟರು.

ಜುಲೈ 26 ಈ ದಂಪತಿಗಳ ಹಬ್ಬ. ಮಳೆ ಎಷ್ಟೇ ಸುರಿಯಲಿ, ಅಂದು ನಿಮ್ಮ ಮನೆಯ ಅಜ್ಜಿಯನ್ನೂ ಕೊಡೆ ಹಿಡಿದು ಪೂಜೆಗೆ ಕರೆತನ್ನಿ.