ಡೆಪ್ಯುಟಿ ಚನ್ನಬಸಪ್ಪನವರು

ಮುಂಬಯಿ ಇಲಾಖೆಯ ಕನ್ನಡ ಸೀಮೆಯಲ್ಲಿ ಕನ್ನಡದ ಮಕ್ಕಳು ತಮ್ಮ ತಾಯ್ನುಡಿಯಲ್ಲಿಯೇ ಓದು ಕಲಿಯುವಂತಾದುದಕ್ಕೆ ಕಾರಣರಾದ ಮಹನೀಯರಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಅಗ್ರಗಣ್ಯರು. ಇವರು ೧೮೩೪ನೆಯ ಇಸವಿಯಲ್ಲಿ ಧಾರವಾಡದ ವೀರಶೈವ ಮನೆತನವೊಂದರಲ್ಲಿ ಜನಿಸಿದರು.

ಆ ಕಾಲದ ಸ್ಥಿತಿಯನ್ನು ಕೊಂಚ ವಿಸ್ತರಿಸಿಯೇ ಹೇಳಬೇಕು. ೧೮೧೮ರಲ್ಲಿ ಪೇಶವೆಯರ ರಾಜ್ಯವು ಅಳಿದು ಇಂಗ್ಲಿಷರ ಆಳಿಕೆಯು ಬಂದರೂ ಕಚೇರಿಗಳಲ್ಲಿ ಮರಾಠಿಯೇ ನಿಂತಿತು. ಸರಕಾರಿ ಶಾಲೆಗಳೂ ಬಹುಮಟ್ಟಿಗೆ ಅದನ್ನೇ ಅನುಸರಿಸಿದವು. ಮನೆಯಲ್ಲಿ ಆಡುವ ಮಾತೊಂದು, ಶಾಲೆಯ ಪುಸ್ತಕದಲ್ಲಿ ಕಾಣುವ ಮಾತು ಇನ್ನೊಂದು. ಬಾಲಕನು ಅಕ್ಷರಗಳನ್ನು ಕೂಡಿಸಿ ಉಚ್ಚರಿಸಿದರೂ ಅದರ ಅರ್ಥವು ಅವನ ಮನಸ್ಸಿಗೆ ಇಳಿಯುತ್ತಿರಲಿಲ್ಲ. ಅರ್ಥವಾಗದ ಓದನ್ನು ಓದೆನ್ನಬಹುದೆ? ಹಳ್ಳಿಗಳ ಐಗಳ ಮಠಗಳಲ್ಲಿ ಮಾತ್ರ ಮಕ್ಕಳು ಮರಳಿನ ಮೇಲೆ ಕನ್ನಡದ ಅಕ್ಷರಗಳನ್ನು ತಿದ್ದುತ್ತಿದ್ದರು.

೧೮೫೪ರಲ್ಲಿ ಚಾರ್ಲ್ಸ್ ವುಡ್ ಎಂಬವರ ಆಜ್ಞಾಪತ್ರವು ವಿಲಾಯತಿಯಿಂದ ಬಂದಿತು. ಸಾಮಾನ್ಯ ಜನರಿಗೆ ದೇಶಭಾಷೆಗಳ ಮೂಲಕ ವಿದ್ಯೆಯನ್ನು ಕೊಡಬೇಕೆಂದು ಅದು ವಿಧಿಸಿತು. ಆದರೆ ಧಾರವಾಡದಲ್ಲಿ ದೇಶಭಾಷೆಯೆಂದರೆ ಯಾವುದು? ಕಚೇರಿಯ ರೂಢಿಯು ಮರಾಠಿಯೆಂದಿತು. ಬೀದಿಯ ಜನರು ಕನ್ನಡವನ್ನಾಡುತ್ತಿದ್ದರು. ವಿಧಿಯು ಕಾಗದದ ಮೇಲಿದ್ದರೆ ಸಾಲದು, ಅದನ್ನು ನೆಲದಲ್ಲಿ ನಡೆಯಿಸಲು ಕನ್ನಡವನ್ನು ಬಲ್ಲ ಶಿಕ್ಷಕರೂ ಪಾಠಪುಸ್ತಕಗಳೂ ಬೇಕಾಗಿದ್ದವು.

ಪುಣೆಯಲ್ಲಿ ವ್ಯಾಸಂಗಮಾಡಿ ಮರಳಿದ ಚನ್ನಬಸಪ್ಪನವರು ಈ ಕೊರತೆಯನ್ನೇ ಮೊದಲು ಕೈಗೆತ್ತಿಕೊಂಡರು. ಧಾರವಾಡದ ನಾರ್ಮಲ್ ಸ್ಕೂಲಿನ ಮುಖ್ಯಾಧ್ಯಾಪಕರಾಗಿ ಕನ್ನಡ ಶಿಕ್ಷಕರನ್ನು ಸಿದ್ಧಪಡಿಸಿದರು. ತರುವಾಯ ವಿದ್ಯಾಖಾತೆಯ ಡೆಪ್ಯುಟಿ ಇನ್‌ಸ್ಪೆಕ್ಟರರಾಗಿ ಮರಾಠಿ ಶಾಲೆಗಳಿದ್ದೆಡೆ ಕನ್ನಡ ಶಾಲೆಗಳು ನೆಲೆಗೊಳ್ಳುವಂತೆ ಶ್ರಮಿಸಿದರು. ಮರಾಠಿಯನ್ನು ತಾವೇ ಚೆನ್ನಾಗಿ ಬಲ್ಲವರಾದುದರಿಂದ ಇವರ ವಾದವು ಆ ಭಾಷೆಯ ಮೇಲಣ ದ್ವೇಷದಿಂದ ಹುಟ್ಟಿದುದಲ್ಲವೆಂಬುದು ಸ್ಪಷ್ಟ. ಇನ್‌ಸ್ಪೆಕ್ಟರ್ ರಸೆಲ್ ಸಾಹೇಬರ ಬೆಂಬಲವೂ ಕನ್ನಡಕ್ಕಿತ್ತು. ಗಂಗಾಧರ ಮಡಿವಾಳೇಶ್ವರ ತುರಮರಿ, ವೆಂಕಟ ರಂಗೋ ಕಟ್ಟಿ ಮೊದಲಾದ ಪಂಡಿತರು ಆ ಖಾತೆಯಲ್ಲಿದ್ದು ಕನ್ನಡಕ್ಕೆ ಗ್ರಂಥಗಳನ್ನಿತ್ತರು. ಚನ್ನಬಸಪ್ಪನವರೂ ಷೇಕ್ಸ್‌ಪಿಯರ್ ಕವಿಯ ವಿನೋದನಾಟಕವೊಂದನ್ನು ಕನ್ನಡಕ್ಕೆ ತಂದರು. ಶಿಕ್ಷಕರಿಗಾಗಿ ಅಲ್ಲಿಂದ ಹೊರಟ ಪತ್ರಿಕೆಗೆ ಮಠಪತ್ರಿಕೆಯೆಂದೇ ಹೆಸರು. ಆ ಕಾಲದಲ್ಲಿ ಮಠವೆಂದರೆ ಶಾಲೆಯೆಂಬ ಅರ್ಥವು ಜನರ ಬಾಯಲ್ಲಿ ಇನ್ನೂ ಜೀವಂತವಾಗಿದ್ದಿತು.

ಐವತ್ತು ತುಂಬುವ ಮೊದಲೇ, ೧೮೮೧ರಲ್ಲಿ, ಇವರು ಲಿಂಗೈಕ್ಯರಾದರು. ಆ ಹುದ್ದೆಯಲ್ಲಿ ಅನೇಕರು ಬಂದು ಹೋದರೂ ಕನ್ನಡನಾಡಿನಲ್ಲಿ ಡೆಪ್ಯುಟಿ ಎಂಬ ಮಾತು ಚನ್ನಬಸಪ್ಪನವರ ಹೆಸರಿಗೇ ಅಂಟಿಕೊಂಡು ಉಳಿದಿದೆ.